ಮನೆಯ ಲಿನಕ್ಸ್ ಜಾಲದಲ್ಲಿ ಕಡತ ಹಂಚಿಕೆ: ಎನ್‌ಎಫ್‌ಎಸ್ ಮತ್ತು ಸಾಂಬಾ ಬಳಸಿ ನೋಡಿದ ಮೇಲೆ

ನಮ್ಮ ಮನೆಯಲ್ಲಿ ಉಬುಂಟು ಇರುವ ಎರಡು ಲ್ಯಾಪ್‌ಟಾಪ್‌ಗಳಿವೆ, ಮೂರು ಫೋನುಗಳಿವೆ, ತಂಗಿ ಊರಿಗೆ ಬಂದಾಗ ಅವಳ ವಿಂಡೋಸ್ ಲ್ಯಾಪ್‌ಟಾಪ್ ಕೂಡ ಸೇರಿಕೊಳ್ಳುತ್ತದೆ. ಫೋಟೊಗಳು, ಹಾಡುಗಳು, ಅಪ್ಪ ಸ್ಕ್ಯಾನ್ ಮಾಡಿಟ್ಟ ಪಹಣಿ ಮತ್ತು ಕ್ರಯಪತ್ರಗಳು ಎಲ್ಲರಿಗೂ ಒಂದೇ ಕಡೆ ಸಿಗಲಿ ಎಂದು ರಾಸ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರಿಗೆ 2 ಟಿಬಿ ಹಾರ್ಡ್ ಡಿಸ್ಕ್ ಜೋಡಿಸಿ, ಜಾಲದ ಮೂಲಕ ಕಡತ ಹಂಚುವ ಎರಡು ವ್ಯವಸ್ಥೆಗಳನ್ನು, ಮೊದಲು ಎನ್‌ಎಫ್‌ಎಸ್, ಆಮೇಲೆ ಸಾಂಬಾ, ಎರಡನ್ನೂ ತಿಂಗಳುಗಟ್ಟಲೆ ಬಳಸಿದ್ದೇನೆ. ಎರಡೂ ಉಚಿತ, ಎರಡೂ ನೆಚ್ಚಬಹುದಾದವು. ಆದರೂ ಮನೆಗೆ ಸಾಂಬಾವೇ ಸರಿ ಎಂಬುದು ನನ್ನ ತೀರ್ಮಾನ.

ವೇಗವನ್ನು ನೋಡಿ ಈ ತೀರ್ಮಾನಕ್ಕೆ ಬಂದಿಲ್ಲ. ಗಿಗಾಬಿಟ್ ಕೇಬಲ್‌ನ ಗರಿಷ್ಠ ಮಿತಿ ಸೆಕೆಂಡಿಗೆ 125 ಎಂಬಿ, ಕೈಗೆ ಸಿಗುವುದು 110ರ ಆಸುಪಾಸು. ದೊಡ್ಡ ಕಡತಗಳನ್ನು ನಕಲು ಮಾಡುವಾಗ ಎರಡೂ ಅಲ್ಲಿಗೆ ಬಂದು ನಿಲ್ಲುತ್ತವೆ. ಸಾವಿರಾರು ಸಣ್ಣ ಕಡತಗಳಿದ್ದಾಗ ಎನ್‌ಎಫ್‌ಎಸ್ ಚುರುಕು. ವೈಫೈನಲ್ಲಿ ಆ ಅಂತರವೂ ಅಷ್ಟಾಗಿ ಕಾಣುವುದಿಲ್ಲ.

ನಿಜವಾದ ವ್ಯತ್ಯಾಸ ಇರುವುದು ಬಳಕೆದಾರರನ್ನು ಗುರುತಿಸುವ ರೀತಿಯಲ್ಲಿ. 1984ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ರೂಪಿಸಿದ ಎನ್‌ಎಫ್‌ಎಸ್, ಸಾಮಾನ್ಯ ಸಂಯೋಜನೆಯಲ್ಲಿ, ಎದುರಿನ ಯಂತ್ರ ಹೇಳುವ ಬಳಕೆದಾರ ಸಂಖ್ಯೆಯನ್ನು ಹಾಗೆಯೇ ನಂಬುತ್ತದೆ. ಉಬುಂಟು ಸ್ಥಾಪಿಸುವಾಗ ಮೊದಲ ಬಳಕೆದಾರರಿಗೆ ಸಿಗುವ ಸಂಖ್ಯೆ 1000. ಹಾಗಾಗಿ ಅಪ್ಪನ ಲ್ಯಾಪ್‌ಟಾಪ್‌ನಲ್ಲಿ ಅಪ್ಪ 1000, ನನ್ನದರಲ್ಲಿ ನಾನೂ 1000. ಒಂದು ದಿನ ಅಪ್ಪನ ಪಹಣಿಯ ಫೋಲ್ಡರ್ ತೆರೆದರೆ ಮಾಲೀಕರ ಕಾಲಂನಲ್ಲಿ ನನ್ನ ಹೆಸರೇ ಕಾಣಿಸಿತು. ಡಿಲೀಟ್ ಕೀಲಿ ಒತ್ತಿದ್ದರೆ ಯಾವ ತಡೆಯೂ ಇಲ್ಲದೆ ಎಲ್ಲವೂ ಅಳಿಸಿಹೋಗುತ್ತಿತ್ತು. ಬಳಕೆದಾರರ ಗುರುತನ್ನು ಪರಿಶೀಲಿಸುವ ಕರ್ಬೆರೋಸ್ ಅಳವಡಿಸಿ ಇದನ್ನು ಸರಿಪಡಿಸಬಹುದು. ಆದರೆ ನಾಲ್ಕು ಜನರ ಮನೆಗೆ ಅಷ್ಟು ದೊಡ್ಡ ವ್ಯವಸ್ಥೆ ಬೇಕಿಲ್ಲ.

1992ರಲ್ಲಿ ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಡ್ಜೆಲ್ ಆರಂಭಿಸಿದ ಸಾಂಬಾ ಹಾಗಲ್ಲ, ಅದು ಹೆಸರು ಮತ್ತು ಪಾಸ್‌ವರ್ಡ್ ಕೇಳಿಯೇ ಒಳಗೆ ಬಿಡುತ್ತದೆ. ಈ ಪಾಸ್‌ವರ್ಡ್ ಪಟ್ಟಿ ಲಿನಕ್ಸ್‌ನ ಲಾಗಿನ್ ಪಟ್ಟಿಗಿಂತ ಬೇರೆಯದು ಎಂಬುದನ್ನು ಮರೆತರೆ, ಎಲ್ಲವೂ ಸರಿಯಿದ್ದೂ ಬಾಗಿಲು ತೆರೆಯುವುದಿಲ್ಲ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ. ಸಂಯೋಜನೆಯ ಕಡತದ ಕೊನೆಯಲ್ಲಿ ಫೋಲ್ಡರಿನ ದಾರಿ, ಬರೆಯುವ ಅನುಮತಿ, ಅರ್ಹ ಬಳಕೆದಾರರ ಹೆಸರು ಎಂದು ನಾಲ್ಕೈದು ಸಾಲು ಸೇರಿಸಿ, ಟೆಸ್ಟ್‌ಪಾರ್ಮ್ ಆದೇಶದಿಂದ ತಪ್ಪುಗಳನ್ನು ನೋಡಿಕೊಂಡರೆ ಅರ್ಧ ಗಂಟೆಯ ಕೆಲಸ. ಡಿಸ್ಕನ್ನು ಮೊದಲೇ ಲಿನಕ್ಸ್‌ನ ಕಡತ ವ್ಯವಸ್ಥೆಯಾದ ಇಎಕ್ಸ್‌ಟಿ4ಗೆ ಫಾರ್ಮ್ಯಾಟ್ ಮಾಡಿಕೊಳ್ಳಿ. ಅಂಗಡಿಯಿಂದ ಬರುವ ಎಕ್ಸ್‌ಫ್ಯಾಟ್ ಡಿಸ್ಕಿನಲ್ಲಿ ಲಿನಕ್ಸ್‌ನ ಅನುಮತಿಗಳು ಉಳಿಯುವುದಿಲ್ಲ. 2019ರ 4.11 ಆವೃತ್ತಿಯಿಂದ ಸಾಂಬಾ ತಾನು ಬಳಸುವ ಸಂವಹನ ವಿಧಾನದ ಹಳೆಯ ಆವೃತ್ತಿಯಾದ ಎಸ್‌ಎಂಬಿ1 ಅನ್ನು ತಾನಾಗಿಯೇ ಮುಚ್ಚಿಟ್ಟಿರುತ್ತದೆ. ಹಳೆಯ ಟಿವಿಯೋ ಸ್ಕ್ಯಾನರೋ ಇದರಿಂದ ಸಂಪರ್ಕ ಪಡೆಯದಿದ್ದರೂ ಅದನ್ನು ಮತ್ತೆ ತೆರೆಯಬೇಡಿ, ಸುರಕ್ಷತೆಯ ಮುಂದೆ ಆ ಅನುಕೂಲ ದೊಡ್ಡದಲ್ಲ.

ಕನ್ನಡದಲ್ಲಿ ಕಡತಗಳಿಗೆ ಹೆಸರಿಡುವವರಿಗೆ ಒಂದು ಮಾತು. ಹೆಸರುಗಳು ಎಲ್ಲ ಯಂತ್ರಗಳಲ್ಲೂ ಚೆನ್ನಾಗಿಯೇ ಕಾಣುತ್ತವೆ. ಆದರೆ ಇಎಕ್ಸ್‌ಟಿ4ನಲ್ಲಿ ಹೆಸರಿನ ಮಿತಿ 255 ಬೈಟ್, ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ವಿಧಾನದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. ತ, ಹಲಂತ ಚಿಹ್ನೆ, ಮತ್ತೆ ತ ಎಂಬ ಮೂರು ಸಂಕೇತಗಳಿರುವ ‘ತ್ತ’ ಎಂಬ ಒಂದು ಒತ್ತಕ್ಷರಕ್ಕೇ 9 ಬೈಟ್. ಅಮ್ಮ ಫೋಟೊ ಫೋಲ್ಡರಿಗೆ ಸಮಾರಂಭ, ಊರು, ಬಂದವರೆಲ್ಲರ ಹೆಸರು ಸೇರಿಸಿ ಒಂದು ವಾಕ್ಯವನ್ನೇ ಬರೆದಾಗ ಅದು ಉಳಿಯದೇ ಹೋದದ್ದು ಇದೇ ಕಾರಣಕ್ಕೆ.

ಕರೆಂಟ್ ಹೋಗಿಬರುವ ಊರಿನವರು ಲ್ಯಾಪ್‌ಟಾಪ್‌ನಲ್ಲಿ ಜೋಡಿಸಬೇಕಾದ ಡಿಸ್ಕುಗಳ ಪಟ್ಟಿಯಾದ ಎಫ್‌ಎಸ್‌ಟ್ಯಾಬ್ ಕಡತದ ಸಾಲಿನಲ್ಲಿ ‘ನೋಫೇಲ್’ (ಹಂಚಿಕೆ ಸಿಗದಿದ್ದರೂ ಯಂತ್ರ ಆರಂಭವಾಗಲಿ ಎಂದು) ಮತ್ತು ಸಿಸ್ಟಮ್‌ಡಿಯ ಆಟೋಮೌಂಟ್ (ಬೇಕಾದಾಗ ಮಾತ್ರ ಜೋಡಿಸಲಿ ಎಂದು) ಆಯ್ಕೆಗಳನ್ನು ಹಾಕಲೇಬೇಕು. ಎನ್‌ಎಫ್‌ಎಸ್ ಬಳಸುತ್ತಿದ್ದಾಗ ಪೈ ಆರಿಹೋದರೆ ಆ ಫೋಲ್ಡರ್ ತೆರೆದಿದ್ದ ಕಿಟಕಿಗಳೆಲ್ಲ ಅದು ಮರಳುವವರೆಗೂ ಸ್ತಬ್ಧವಾಗುತ್ತಿದ್ದವು. ಬರೆಯುತ್ತಿದ್ದ ದತ್ತಾಂಶ ಕಳೆಯಬಾರದೆಂದೇ ಅದನ್ನು ಹಾಗೆ ರೂಪಿಸಿದ್ದಾರೆ. ಆದರೆ ಕೆಲಸದ ನಡುವೆ ಇರುವ ಅಪ್ಪನಿಗೆ ಅದನ್ನು ವಿವರಿಸುವುದು ಕಷ್ಟ.

ನನ್ನ ಹೋಮ್ ಫೋಲ್ಡರಿನ ಬ್ಯಾಕಪ್‌ಗೆ ಮಾತ್ರ ಎನ್‌ಎಫ್‌ಎಸ್ ಉಳಿಸಿಕೊಂಡಿದ್ದೇನೆ. ಮಾಲೀಕತ್ವ, ಅನುಮತಿ, ಸಿಂಬಾಲಿಕ್ ಲಿಂಕ್‌ಗಳು (ಬೇರೆ ಕಡತವನ್ನು ತೋರಿಸುವ ಕೊಂಡಿಗಳು) ಅದರಲ್ಲಿ ಇದ್ದ ಹಾಗೆಯೇ ಉಳಿಯುತ್ತವೆ. ಆ ಹಂಚಿಕೆಗೆ ಡಿಸ್ಕಿನಲ್ಲಿ ಬೇರೆಯೇ ವಿಭಾಗ ಮಾಡಿ, ನನ್ನ ಲ್ಯಾಪ್‌ಟಾಪ್‌ನ ಐಪಿ ವಿಳಾಸ ಒಂದಕ್ಕೇ ಅನುಮತಿ ಕೊಟ್ಟಿದ್ದೇನೆ.