ಆರ್‌ಕ್ಲೋನ್ ಮೌಂಟ್: ಎರಡೂವರೆ ವರ್ಷ ಬಳಸಿದ ಮೇಲೆ

ನಮ್ಮದು ಫೋಟೋ ಸ್ಟುಡಿಯೋ. ಒಂದು ಮದುವೆಗೆ ಮೂರು ಸಾವಿರ ರಾ ಫೈಲ್ (ಕ್ಯಾಮೆರಾದ ಮೂಲ ಫೈಲ್) ಆಗಿಬಿಡುತ್ತವೆ, ಒಂದೊಂದೂ 25-30 ಎಂಬಿ. ಹಾರ್ಡ್ ಡಿಸ್ಕ್ ಕೊಂಡು ಕೊಂಡು ಬೀರು ತುಂಬಿತ್ತು. ಕೊನೆಗೆ ಎಲ್ಲವನ್ನೂ ಅಮೆಜಾನ್‌ನ ಎಸ್3 ತರಹದ ಕ್ಲೌಡ್ ಸ್ಟೋರೇಜ್‌ಗೆ ಹಾಕಿ, ಲಿನಕ್ಸ್ ಕಂಪ್ಯೂಟರಿನಲ್ಲಿ ಆರ್‌ಕ್ಲೋನ್ ಅನ್ನೋ ಸಾಫ್ಟ್‌ವೇರ್‌ನಿಂದ ಮೌಂಟ್ ಮಾಡಿಕೊಂಡೆ, ಅಂದರೆ ಕ್ಲೌಡ್‌ನಲ್ಲಿರೋದು ನಮ್ಮ ಕಂಪ್ಯೂಟರಿನ ಫೋಲ್ಡರ್ ತರಹ ಕಾಣೋ ಹಾಗೆ. ದುಡ್ಡು ಸ್ಟೋರೇಜ್‌ಗೆ ಮಾತ್ರ, ಆರ್‌ಕ್ಲೋನ್ ಉಚಿತ.

ಹಳೇ ಫೋಟೋ ಹುಡುಕೋದಕ್ಕೆ ಇದು ತುಂಬಾ ಚೆನ್ನಾಗಿದೆ. ಮೊನ್ನೆ ಒಬ್ಬರು ಬಂದು, ಅಜ್ಜಿ ತೀರಿಕೊಂಡರು, ಅಕ್ಕನ ಮದುವೆಯಲ್ಲಿ ಅವರದೊಂದು ಒಳ್ಳೇ ಫೋಟೋ ಇರಬೇಕು ಅಂದರು. ಅವರು ಕೂತಿದ್ದ ಹಾಗೇ ಫೋಲ್ಡರ್ ತೆರೆದು ತೋರಿಸಿದೆ. ಅಕ್ಷತೆ ಹಿಡಿದು ನಗುತ್ತಿದ್ದ ಫೋಟೋ ಸಿಕ್ಕಿತು.

ಆದರೆ ಇದು ಡಿಸ್ಕ್ ಅಲ್ಲ. ಫೋಲ್ಡರ್ ತರಹ ಕಾಣುತ್ತೆ, ಅಷ್ಟೇ. ಕ್ಲೌಡ್‌ನಲ್ಲಿ ನಿಜವಾದ ಫೋಲ್ಡರ್ ಅನ್ನೋದೇ ಇಲ್ಲ, ಫೋಲ್ಡರ್ ಹೆಸರೂ ಸೇರಿದ ಉದ್ದುದ್ದ ಹೆಸರಿನ ಫೈಲ್‌ಗಳು ಮಾತ್ರ. ಹಾಗಾಗಿ ಒಂದು ಮದುವೆಯ ಫೋಲ್ಡರ್ ಹೆಸರು ಬದಲಿಸಿದರೆ, ಒಳಗಿನ ಪ್ರತಿ ಫೈಲನ್ನೂ ಹೊಸ ಹೆಸರಿಗೆ ಕಾಪಿ ಮಾಡಿ ಹಳೇದನ್ನು ಅಳಿಸಬೇಕು. ಮೊದಲ ಸಲ ಟೀ ಕುಡಿದು ಬಂದರೂ ಮುಗಿದಿರಲಿಲ್ಲ.

ಕ್ಯಾಶ್ (ಫೈಲ್‌ಗಳನ್ನು ನಮ್ಮ ಡಿಸ್ಕ್‌ನಲ್ಲೇ ತಾತ್ಕಾಲಿಕವಾಗಿ ಇಟ್ಟುಕೊಳ್ಳೋ ಜಾಗ) ವಿಷಯ ಮೊದಲೇ ತಿಳ್ಕೊಳ್ಳಿ. ಆರ್‌ಕ್ಲೋನ್‌ನ 'ವಿಎಫ್‌ಎಸ್ ಕ್ಯಾಶ್ ಮೋಡ್' ಅನ್ನೋ ಸೆಟ್ಟಿಂಗ್ ಸುಮ್ನೆ ಬಿಟ್ಟರೆ 'ಆಫ್' ಇರುತ್ತೆ, ಆಗ ಒಂದೇ ಫೈಲನ್ನು ಓದುತ್ತಾ ಬರೆಯುವ ಸಾಫ್ಟ್‌ವೇರ್‌ಗಳು ಸೇವ್ ಮಾಡುವಾಗ ಎರರ್ ಕೊಡುತ್ತವೆ. ನಾನು 'ಫುಲ್' ಇಟ್ಟಿದ್ದೇನೆ, ಜೊತೆಗೆ ಕ್ಯಾಶ್ ಎಷ್ಟು ಜಿಬಿ ದಾಟಬಾರದು ಅಂತಲೂ ಹೇಳಿದ್ದೇನೆ. ಫೈಲ್ ಮ್ಯಾನೇಜರ್‌ನಲ್ಲಿ ಥಂಬ್‌ನೇಲ್ ಆಫ್ ಮಾಡಿ, ಇಲ್ಲಾಂದ್ರೆ ಫೋಲ್ಡರ್ ತೆರೆದ ತಕ್ಷಣ ಒಂದೊಂದೇ ಫೋಟೋ ಎಳೆಯೋಕೆ ಶುರು ಮಾಡುತ್ತೆ, ಡೌನ್‌ಲೋಡ್‌ಗೆ ದುಡ್ಡು ಹಾಕುವ ಕಡೆ ಬಿಲ್ ಏರುತ್ತೆ.

ಸೇವ್ ಮಾಡಿದ ಫೈಲ್ ಮೊದಲು ನಮ್ಮ ಕ್ಯಾಶ್‌ನಲ್ಲಿ ಕೂರುತ್ತೆ, ಫೈಲ್ ಮುಚ್ಚಿ 5 ಸೆಕೆಂಡ್ ಆದ ಮೇಲೆ ಅಪ್‌ಲೋಡ್ ಶುರು. ಒಂದು ಸಂಜೆ ಅದರ ಮಧ್ಯದಲ್ಲೇ ಕರೆಂಟ್ ಹೋಯ್ತು. ಎದೆ ಧಸಕ್ಕೆಂದಿತು. ಅದೇ ಸೆಟ್ಟಿಂಗ್ಸ್ ಜೊತೆ ಮತ್ತೆ ಮೌಂಟ್ ಮಾಡಿದಾಗ ಉಳಿದವು ತಾವಾಗಿಯೇ ಹೋದವು, ಆದರೂ ಮರುದಿನವೇ ಯುಪಿಎಸ್ ತಂದೆ.

ಇನ್ನೊಂದು. ತಮ್ಮ ಬೇರೆ ಕಂಪ್ಯೂಟರಿನಿಂದ ಫೋಟೋ ಹಾಕಿ "ಅಣ್ಣಾ, ಹಾಕಿದೀನಿ ನೋಡು" ಅಂತಾನೆ, ನನಗೆ ಕಾಣಲ್ಲ. ಫೋಲ್ಡರ್ ಪಟ್ಟಿ 5 ನಿಮಿಷ ಹಳೇದೇ ಇರುತ್ತೆ, ಬೇಕಾದರೆ ಕಡಿಮೆ ಮಾಡಿಕೊಳ್ಳಬಹುದು.

ಎಡಿಟಿಂಗ್ ಮಾತ್ರ ಇದರ ಮೇಲೆ ಮಾಡಬೇಡಿ. ಈ ತಿಂಗಳ ಮದುವೆಗಳೆಲ್ಲ ನನ್ನ ಎಸ್‌ಎಸ್‌ಡಿಯಲ್ಲೇ ಇರುತ್ತವೆ. ಕೆಲಸ ಮುಗಿದ ಮೇಲೆ ಮೌಂಟ್‌ಗೆ ಎಳೆದು ಹಾಕದೆ 'ಆರ್‌ಕ್ಲೋನ್ ಕಾಪಿ' ಕೊಡುತ್ತೇನೆ, ಆಮೇಲೆ ಎರಡೂ ಕಡೆಯ ಫೈಲ್ ಹೋಲಿಸಿ ನೋಡೋ 'ಆರ್‌ಕ್ಲೋನ್ ಚೆಕ್'. ಅದರಲ್ಲಿ ಒಂದೂ ವ್ಯತ್ಯಾಸ ಇಲ್ಲ ಅಂತ ಬರುವವರೆಗೆ ಕ್ಯಾಮೆರಾ ಕಾರ್ಡ್ ಫಾರ್ಮ್ಯಾಟ್ ಮಾಡಲ್ಲ.