ಬನ್ನೂರು ಕುರಿಯ ತೊಡೆಗೆ ಯಾವುದು ಸರಿ: ಮಾಗಿಸುವುದೋ, ಕ್ಯಾಲ್ಸಿಯಂ ಚುಚ್ಚುವುದೋ, ಪರಂಗಿಕಾಯಿಯೋ?

ಬೆಳಗ್ಗೆ ಕಡಿದ ಮಾಂಸವನ್ನು ಒಂಬತ್ತಕ್ಕೆಲ್ಲ ಕುಕ್ಕರಿಗೆ ಹಾಕಿ ಸಾರು ಮಾಡುವವರಿಗೆ ಈ ಹೋಲಿಕೆ ಬೇಕಿಲ್ಲ, ಐದಾರು ಕೂಗಿಗೆ ಎಲ್ಲ ಸರಿಹೋಗುತ್ತದೆ. ತೊಡೆಯನ್ನು ಇಡಿಯಾಗಿ ಸುಡುವವರಿಗೆ, ಬೆನ್ನಿನ ಚಾಪ್ಸನ್ನು ಕಾವಲಿಯ ಮೇಲೆ ಬೇಗ ಬೇಯಿಸಿ ಇಳಿಸುವವರಿಗೆ ಇದು. ಹೋಲಿಸುವಾಗ ಒಂದೇ ಕುರಿಯ ಎಡ-ಬಲ ತೊಡೆಗಳನ್ನೇ ಬಳಸಬೇಕು. ಬೇರೆ ಬೇರೆ ಕುರಿಯದ್ದಾದರೆ ವಯಸ್ಸು, ತಳಿ, ಕೊಬ್ಬು ಎಲ್ಲವೂ ಅಡ್ಡ ಬರುತ್ತವೆ.

ಮಾಂಸವನ್ನು ಮೆತ್ತಗೆ ಮಾಡುವ ಮುಖ್ಯ ಕಿಣ್ವ ಅದರೊಳಗೇ ಇದೆ, ಅದು ಕ್ಯಾಲ್ಪೇನ್; 1 ಮತ್ತು 2 ಎಂದು ಎರಡು ಬಗೆ. ಪ್ರಾಣಿ ಬದುಕಿದ್ದಾಗ ಸ್ನಾಯುಕೋಶದಲ್ಲಿ ಬಿಡಿ ಕ್ಯಾಲ್ಸಿಯಂ ಸುಮಾರು 0.1 ಮೈಕ್ರೋಮೋಲಾರ್ (ದ್ರಾವಣದ ಸಾಂದ್ರತೆಯ ಅಳತೆ, ಮಿಲಿಮೋಲಾರ್ ಇದರ ಸಾವಿರ ಪಟ್ಟು) ಮಾತ್ರ, ಕಿಣ್ವ ತೆಪ್ಪಗಿರುತ್ತದೆ. ಸತ್ತ ಮೇಲೆ ಕ್ಯಾಲ್ಸಿಯಂ ಸೋರಿ ಹತ್ತಾರು ಮೈಕ್ರೋಮೋಲಾರ್ ದಾಟುತ್ತದೆ. ಕ್ಯಾಲ್ಪೇನ್-1ಕ್ಕೆ ಅಷ್ಟು ಸಾಕು. ಕ್ಯಾಲ್ಪೇನ್-2ಕ್ಕೆ ಮಿಲಿಮೋಲಾರ್ ಮಟ್ಟದ ಹತ್ತಿರ ಬೇಕು, ಹಾಗಾಗಿ ಅದು ಬಹುಪಾಲು ಸುಮ್ಮನೇ ಉಳಿಯುತ್ತದೆ. ಇವೆರಡನ್ನೂ ತಡೆಯಲು ಕ್ಯಾಲ್ಪಸ್ಟಾಟಿನ್ ಎಂಬ ಕಾವಲುಗಾರ ಪ್ರೋಟೀನು ಬೇರೆ ಇದೆ.

ಕ್ಯಾಲ್ಪೇನ್ ಕಂಡದ್ದನ್ನೆಲ್ಲ ಕತ್ತರಿಸುವುದಿಲ್ಲ. ಮಂಡ್ಯದ ಗದ್ದೆಯಲ್ಲಿ ಕಬ್ಬಿನ ಹೊರೆಗೆ ಸೋಗೆ ಬಿಗಿದಂತೆ, ಸ್ನಾಯುವಿನ ಪಕ್ಕಪಕ್ಕದ ಎಳೆಗಳನ್ನು ಝಡ್ ಗೆರೆಯ (ಎಳೆಯ ಒಂದೊಂದು ಖಂಡದ ಗಡಿ) ಮಟ್ಟದಲ್ಲಿ ಕಟ್ಟಿಹಾಕುವುದು ಡೆಸ್ಮಿನ್ ಎಂಬ ಪ್ರೋಟೀನು, ಅದು ಮೊದಲು ಹೋಗುತ್ತದೆ. ಝಡ್ ಗೆರೆಯಿಂದ ಸಾರ್ಕೊಮಿಯರಿನ, ಅಂದರೆ ಆ ಖಂಡದ, ನಡುವಿನವರೆಗೆ ಚಾಚಿಕೊಂಡ ದೈತ್ಯ ಪ್ರೋಟೀನು ಟೈಟಿನ್, ಜತೆಗೆ ನೆಬ್ಯುಲಿನ್, ಟ್ರೋಪೋನಿನ್-ಟಿ ಇವೂ ತುಂಡಾಗುತ್ತವೆ. ಸ್ನಾಯುವನ್ನು ಕುಗ್ಗಿಸುವ ಆಕ್ಟಿನ್, ಮಯೋಸಿನ್ ಹೆಚ್ಚುಕಡಿಮೆ ಹಾಗೇ ಉಳಿಯುತ್ತವೆ. ಕೋಶದೊಳಗಿನ ಇನ್ನೊಂದು ಗುಂಪಿನ ಕಿಣ್ವಗಳಾದ ಕ್ಯಾಥೆಪ್ಸಿನ್‌ಗಳೇ ಈ ಕೆಲಸ ಮಾಡುತ್ತವೆ ಎಂಬ ಹಳೆಯ ವಾದ ಬಿದ್ದದ್ದು ಇಲ್ಲೇ, ಅವು ಮಯೋಸಿನ್ನನ್ನೂ ಬಿಡುವುದಿಲ್ಲ. ಕ್ಯಾಲ್ಪೇನ್-1 ಇಲ್ಲದಂತೆ ಮಾಡಿದ ಇಲಿಗಳಲ್ಲಿ ಸತ್ತ ನಂತರದ ಈ ಕತ್ತರಿಕೆ ಬಹುಪಾಲು ನಿಂತದ್ದು 2006ರಲ್ಲಿ ಪ್ರಕಟವಾಯಿತು.

ಫ್ರಿಜ್ಜಿನಲ್ಲಿ ಮಾಗಿಸುವುದು. ರುಚಿಯಲ್ಲೂ ಹದದಲ್ಲೂ ಇದಕ್ಕೇ ಮೊದಲ ಸ್ಥಾನ. ಆದರೆ ಹೆಚ್ಚಿನವರು ಮೊದಲ ದಿನವೇ ಇದನ್ನು ಕೆಡಿಸುತ್ತಾರೆ. ಅಂಗಡಿಯಲ್ಲೇ ಸಣ್ಣ ತುಂಡು ಮಾಡಿಸಿ, ಬಿಸಿ ಆರುವ ಮೊದಲೇ ಫ್ರೀಜರಿಗೆ ತಳ್ಳುತ್ತಾರೆ. ಮಾಂಸದ ಪಿಎಚ್ (ಹುಳಿತನದ ಅಳತೆ) 6ಕ್ಕಿಂತ ಕೆಳಗಿಳಿಯುವ ಮೊದಲೇ ಸ್ನಾಯು 10 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾದರೆ ಎಳೆಗಳು ಮುದುಡಿಕೊಳ್ಳುತ್ತವೆ. ಹಾಗೆ ಮುದುಡಿದ ಮಾಂಸವನ್ನು ಆಮೇಲೆ ವಾರ ಇಟ್ಟರೂ ರಬ್ಬರು ರಬ್ಬರೇ. ಮೂಳೆ ಬಿಡಿಸದ ಇಡೀ ತೊಡೆ ಕೇಳಿ ಪಡೆಯಿರಿ: ಮೂಳೆಗೆ ಅಂಟಿದ ಸ್ನಾಯು ಅಷ್ಟು ಸುಲಭಕ್ಕೆ ಕುಗ್ಗುವುದಿಲ್ಲ, ದಪ್ಪವಿರುವುದರಿಂದ ನಿಧಾನಕ್ಕೆ ತಣ್ಣಗಾಗುತ್ತದೆ. ಮೊದಲ ಹತ್ತು ಗಂಟೆ ಥರ್ಮೋಕೋಲ್ ಡಬ್ಬಿಯಲ್ಲಿ, ಮಂಜುಗಡ್ಡೆ ನೇರ ತಾಗದಂತೆ, 12–15 ಡಿಗ್ರಿಯಲ್ಲಿಡಿ. ಥರ್ಮಾಮೀಟರ್ ಇಲ್ಲದೆ ಅಂದಾಜಿಗೆ ಮಾಡಬೇಡಿ. ಅಡುಗೆಮನೆ ಕಟ್ಟೆಯ ಮೇಲಂತೂ ಇಡಲೇಬೇಡಿ, ಮೈಸೂರಿನ ಚಳಿಗಾಲದಲ್ಲೂ ಹಗಲಿನ ಶಾಖ ಹೆಚ್ಚಾಯಿತು. ಆಮೇಲೆ ಗಾಳಿ ಹಿಂಡಿ ತೆಗೆದ ಕವರಿನಲ್ಲಿ 2–4 ಡಿಗ್ರಿಯಲ್ಲಿ ನಾಲ್ಕರಿಂದ ಏಳು ದಿನ. ಬಾಗಿಲು ಪದೇಪದೇ ತೆಗೆಯುವ ಮನೆಯ ಫ್ರಿಜ್ಜಾದರೆ ಮೂರು ದಿನಕ್ಕೆ ನಿಲ್ಲಿಸಿ. ಮೇಲ್ಮೈ ಲೋಳೆಯಾದರೆ, ಹುಳಿ ವಾಸನೆ ಬಂದರೆ ಎಸೆಯಿರಿ.

ಕ್ಯಾಲ್ಸಿಯಂ ಕ್ಲೋರೈಡ್ ಚುಚ್ಚುವುದು. ಮಾಗಿಸುವುದಕ್ಕಿಂತ ಇದು ಬಹಳ ಬೇಗ. ಹೊರಗಿನಿಂದ ಕ್ಯಾಲ್ಸಿಯಂ ಸೇರಿದರೆ ಕ್ಯಾಲ್ಪೇನ್-2 ಕೂಡ ಎಚ್ಚರಗೊಳ್ಳುತ್ತದೆ, ವಾರದ ಕೆಲಸ ಒಂದೆರಡು ದಿನಕ್ಕೆ ಮುಗಿಯುತ್ತದೆ. ಬೇಕಾದ ದ್ರಾವಣ 200 ಮಿಲಿಮೋಲಾರ್: ಕುದಿಸಿ ಆರಿಸಿದ ನೀರು ಲೀಟರಿಗೆ ಡೈಹೈಡ್ರೇಟ್ ರೂಪದ್ದು 29.4 ಗ್ರಾಂ, ನೀರಿಲ್ಲದ ರೂಪದ್ದಾದರೆ 22.2 ಗ್ರಾಂ. ನೀರಿಲ್ಲದ್ದು ಕರಗುವಾಗ ಬಿಸಿಯಾಗುತ್ತದೆ, ಪೂರ್ತಿ ತಣಿಸಿ ಬಳಸಿ. ಕಿಲೋ ಮಾಂಸಕ್ಕೆ 50 ಮಿಲಿಲೀಟರ್, ಎರಡು ಸೆಂಟಿಮೀಟರಿಗೊಂದರಂತೆ ಸಿರಿಂಜಿನಲ್ಲಿ ಚುಚ್ಚಿ, ಫ್ರಿಜ್ಜಿನಲ್ಲಿ 24–48 ಗಂಟೆ. ಆಹಾರದರ್ಜೆಯದ್ದೇ ಆಗಬೇಕು. ಪ್ರಮಾಣ ಮೀರಿದರೆ ನಾಲಿಗೆಗೆ ಕಹಿ, ಮಾಂಸದ ಬಣ್ಣವೂ ಬೇಗ ಕಂದುತ್ತದೆ. ನಿಂಬೆರಸ ಮೊದಲೇ ಹಿಂಡಿದರೆ ಅದರ ಸಿಟ್ರೇಟ್ ಕ್ಯಾಲ್ಸಿಯಮ್ಮನ್ನು ಹಿಡಿದುಕೊಳ್ಳುತ್ತದೆ, ಚುಚ್ಚಿದ್ದು ದಂಡ. ಮಸಾಲೆ, ಹುಳಿ ಎಲ್ಲ ಬೇಯಿಸುವ ಹೊತ್ತಿಗೆ.

ಪರಂಗಿಕಾಯಿ. ಇದರ ಕಿಣ್ವ ಪಪೇನ್ ಕೂಡ ಕ್ಯಾಲ್ಪೇನ್ ಹಾಗೆ ಸಿಸ್ಟೀನ್ ಪ್ರೋಟಿಯೇಸ್ ಎಂಬ, ಪ್ರೋಟೀನು ಕತ್ತರಿಸುವ ಬಗೆಯದ್ದು, ಆದರೆ ಕ್ಯಾಲ್ಸಿಯಂ ಬೇಡದ್ದು, ಕ್ಯಾಲ್ಪಸ್ಟಾಟಿನ್ನಿಗೂ ಜಗ್ಗದ್ದು. ಬೇಯುವಾಗ 60–70 ಡಿಗ್ರಿಯಲ್ಲೇ ಅದರ ಆರ್ಭಟ ಹೆಚ್ಚು. ಮಯೋಸಿನ್ನನ್ನೂ ಜೀರ್ಣಿಸಿಬಿಡುತ್ತದೆ. ಹಚ್ಚಿದ್ದು ಮೇಲಿನ ಕೆಲವು ಮಿಲಿಮೀಟರಿಗಷ್ಟೇ ಇಳಿಯುವುದರಿಂದ ತೊಡೆಯ ಹೊರಮೈ ಗಂಜಿ, ಒಳಗೆ ಗಟ್ಟಿ. ಕೈಮಾ ಕಬಾಬಿಗೆ ಸರಿ, ಇಡೀ ತೊಡೆಗೆ ಬೇಡವೇ ಬೇಡ.

ವ್ಯತ್ಯಾಸ ಜೆಲ್ಲಿನಲ್ಲಿ, ಅಂದರೆ ಪ್ರೋಟೀನುಗಳನ್ನು ಗಾತ್ರಕ್ಕೆ ತಕ್ಕಂತೆ ಪಟ್ಟಿಗಳಾಗಿ ಬೇರ್ಪಡಿಸುವ ಪ್ರಯೋಗಾಲಯದ ಪರೀಕ್ಷೆಯಲ್ಲಿ, ಸ್ಪಷ್ಟ. ಮಾಗಿಸಿದ್ದರಲ್ಲೂ ಕ್ಯಾಲ್ಸಿಯಂ ಚುಚ್ಚಿದ್ದರಲ್ಲೂ 53 ಕಿಲೋಡಾಲ್ಟನ್ನಿನ (ಅಣುವಿನ ತೂಕದ ಅಳತೆ) ಡೆಸ್ಮಿನ್ ಪಟ್ಟಿ ಮಾಸುತ್ತದೆ, ಟ್ರೋಪೋನಿನ್-ಟಿ ಒಡೆದ 30 ಕಿಲೋಡಾಲ್ಟನ್ನಿನ ತುಂಡು ಮೂಡುತ್ತದೆ, ಮಯೋಸಿನ್ ಪಟ್ಟಿ ದಪ್ಪಗೇ ಇರುತ್ತದೆ. ಪಪೇನಿನದ್ದರಲ್ಲಿ ಮಯೋಸಿನ್ನೇ ಕರಗಿರುತ್ತದೆ. ಟೈಟಿನ್ ನೋಡಬೇಕೆಂದರೆ ಮಾಮೂಲಿ ಶೇ 10ರ ಜೆಲ್ ಬೇಡ, ಸುಮಾರು 30 ಲಕ್ಷ ಡಾಲ್ಟನ್ನಿನ ಅದು ಮಾದರಿ ಹಾಕುವ ಗುಳಿಯ ಬಾಯಲ್ಲೇ ಸಿಕ್ಕಿಕೊಳ್ಳುತ್ತದೆ. ಅಗರೋಸ್ ಸೇರಿಸಿ ಗಟ್ಟಿ ಮಾಡಿದ ಶೇ 2–3ರ ಜೆಲ್ ಬೇಕು. ಮಾದರಿ ತೆಗೆಯುವಾಗಲೇ ಕ್ಯಾಲ್ಸಿಯಂ ಹಿಡಿದುಕೊಳ್ಳುವ ಇಡಿಟಿಎ ಇರುವ ದ್ರಾವಣದಲ್ಲಿ ಅರೆಯಿರಿ, ಇಲ್ಲವಾದರೆ ಅರೆಯುತ್ತಿರುವಾಗಲೇ ಕ್ಯಾಲ್ಪೇನ್ ಕೆಲಸ ಮುಂದುವರಿಸುತ್ತದೆ.

ಮನೆಯಲ್ಲಿ ಜೆಲ್ ಇಲ್ಲದವರು ಬೆಂದ ತುಂಡನ್ನು ನಾರಿನ ಉದ್ದಕ್ಕೆ ಎಳೆದು ನೋಡಬಹುದು: ಮಾಗಿದ್ದು ಗಿಡ್ಡ ಗಿಡ್ಡ ಎಳೆಯಾಗಿ ಮುರಿಯುತ್ತದೆ, ಪಪೇನ್ ಹಚ್ಚಿದ್ದು ಬೆರಳಿಗೆ ಮೆತ್ತಿಕೊಳ್ಳುತ್ತದೆ.

ಫ್ರೀಜರನ್ನೂ ಪೂರ್ತಿ ತಳ್ಳಿಹಾಕುವಂತಿಲ್ಲ. ಸತ್ತ ಮೇಲೆ ಸ್ನಾಯು ಬಿಗಿಯುವ ಸೆಡೆತು ಮುಗಿದ ಮೇಲೆ, ಅಂದರೆ ಒಂದು ದಿನ ಕಳೆದು ಹೆಪ್ಪುಗಟ್ಟಿಸಿದರೆ ಕ್ಯಾಲ್ಪಸ್ಟಾಟಿನ್ ಬಲ ಕಳೆದುಕೊಳ್ಳುತ್ತದೆ. ಕರಗಿಸಿ ಎರಡು ದಿನ ಫ್ರಿಜ್ಜಿನಲ್ಲಿಟ್ಟರೆ ಮಾಗುವುದು ಚುರುಕಾಗುತ್ತದೆ, ಕೆಂಪು ನೀರು ಮಾತ್ರ ಹೆಚ್ಚು ಸೋರುತ್ತದೆ. ಇನ್ನು ಮೊಣಕಾಲಿನ ಕೆಳಗಿನ ಭಾಗಕ್ಕೆ ಈ ಕ್ಯಾಲ್ಪೇನ್ ದಾರಿಗಳಾವುವೂ ಆಗಿಬರುವುದಿಲ್ಲ. ಅಲ್ಲಿರುವುದು ಕೊಲಾಜನ್, ಕ್ಯಾಲ್ಪೇನ್ ಅದನ್ನು ಮುಟ್ಟುವುದಿಲ್ಲ. ಅದನ್ನು ಕಾಲು ಸೂಪಿಗೆ ಎತ್ತಿಡಿ.