ಟಿವಿ ಸುದ್ದಿಯ ಮೇಲೆ ದೂರು ಕೊಟ್ಟು ನೋಡಿದೆವು: 5ಕ್ಕೆ 3 ಸ್ಟಾರ್

ನ್ಯೂಸ್ ಚಾನೆಲ್ ಸುಳ್ಳು ತೋರಿಸಿದರೆ ದೂರು ಕೊಡಲು ಒಂದು ವ್ಯವಸ್ಥೆ ಇದೆ. ದುಡ್ಡು ಬೇಡ, ವಕೀಲರು ಬೇಡ, ಮನೆಯಲ್ಲಿ ಕೂತು ಇಮೇಲ್ ಕಳಿಸಿದರೆ ಸಾಕು. ಇದು ನನಗೆ ಇತ್ತೀಚಿನವರೆಗೂ ಗೊತ್ತಿರಲಿಲ್ಲ. ನಮ್ಮ ಚರ್ಚಿನ ನಾಲ್ಕು ಜನ ಸೇರಿ ಅದನ್ನು ಬಳಸಿ ನೋಡಿದೆವು. ವ್ಯವಸ್ಥೆಗೆ ಮೂರು ಸ್ಟಾರ್ ಕೊಡುತ್ತೇನೆ. ಅದನ್ನು ಬಳಸಬೇಕಾದ ನಮ್ಮ ಚರ್ಚುಗಳಿಗೆ ಅಷ್ಟು ಕೊಡಲು ಮನಸ್ಸು ಬರುತ್ತಿಲ್ಲ.

ನಡೆದದ್ದು ಹೀಗೆ. ಮಂಗಳೂರಿನ ಹತ್ತಿರ ನಮ್ಮ ಮನೆ. ಒಂದು ಸಂಜೆ ಜಪಸರ ಮುಗಿಸಿ ಟಿವಿ ಹಾಕಿದರೆ, ಒಂದು ಚಾನೆಲಿನಲ್ಲಿ ಮುಸ್ಲಿಂ ಹಣ್ಣಿನ ವ್ಯಾಪಾರಿಯೊಬ್ಬರ ವಿಡಿಯೊ ಬರುತ್ತಿತ್ತು. ದೊಡ್ಡ ಕೆಂಪು ಅಕ್ಷರ, ಎದೆ ನಡುಗಿಸುವ ಸಂಗೀತ, ಇಂಥವರ ಹತ್ತಿರ ಹಣ್ಣು ತಗೊಳ್ಳಬಹುದಾ ಅನ್ನುವ ಚರ್ಚೆ. ಇಲ್ಲೇ ಎಲ್ಲೋ ನಿನ್ನೆ ನಡೆದದ್ದು ಅನ್ನುವ ಹಾಗೆ ಮಾತಾಡುತ್ತಿದ್ದರು. ಆದರೆ ಅದು ಬೇರೆ ರಾಜ್ಯದ್ದು, ವರ್ಷಗಳ ಹಿಂದಿನದು. ನನ್ನ ಮಗಳು ಮೊಬೈಲಿನಲ್ಲಿ ಎರಡೇ ನಿಮಿಷದಲ್ಲಿ ಹುಡುಕಿ ತೋರಿಸಿದಳು. ಮರುದಿನ ಬೆಳಗ್ಗೆ ಬಸ್ ಸ್ಟ್ಯಾಂಡಿನ ಹತ್ತಿರ, ನಾವು ಇಪ್ಪತ್ತು ವರ್ಷದಿಂದ ಬಾಳೆಹಣ್ಣು ತಗೊಳ್ಳುವ ಬ್ಯಾರಿಯವರ (ಕರಾವಳಿಯ ಮುಸ್ಲಿಮರು) ಅಂಗಡಿ ಮುಂದೆ ನಮ್ಮದೇ ಚರ್ಚಿನ ಒಬ್ಬರು ನಿಂತರು, ಹಣ್ಣು ನೋಡಿದರು, "ಇವತ್ತು ಬೇಡ" ಅಂತ ಹೇಳಿ ಹೋದರು. ನಾನು ಪಕ್ಕದಲ್ಲೇ ಇದ್ದೆ. ಅಂಗಡಿಯವರಿಗೆ ಅರ್ಥವಾಯಿತು. ಅವರು ಏನೂ ಹೇಳಲಿಲ್ಲ. ನನಗೆ ಇಡೀ ದಿನ ಊಟ ಸೇರಲಿಲ್ಲ.

ಈಗ ವ್ಯವಸ್ಥೆಯ ವಿಷಯ. ನ್ಯೂಸ್ ಚಾನೆಲ್‌ಗಳ ಸಂಘ ಮಾಡಿಕೊಂಡ ಎನ್‌ಬಿಡಿಎಸ್‌ಎ (ನ್ಯೂಸ್ ಬ್ರಾಡ್‌ಕಾಸ್ಟಿಂಗ್ ಅಂಡ್ ಡಿಜಿಟಲ್ ಸ್ಟ್ಯಾಂಡರ್ಡ್ಸ್ ಅಥಾರಿಟಿ) ಅನ್ನುವ ಒಂದು ಮಂಡಳಿ ಇದೆ. 2008ರಲ್ಲಿ ಶುರುವಾದದ್ದು, ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಮೊದಲ ಅಧ್ಯಕ್ಷರು. ದೂರು ಮೊದಲು ಚಾನೆಲಿಗೇ ಹೋಗಬೇಕು, ಕಾರ್ಯಕ್ರಮ ಪ್ರಸಾರವಾಗಿ 7 ದಿನದೊಳಗೆ. ಅವರ ಉತ್ತರ ಸಮಾಧಾನ ತರದಿದ್ದರೆ 14 ದಿನದೊಳಗೆ ಮಂಡಳಿಗೆ ಬರೆಯಬಹುದು. ಅದೇ ವಿಷಯದಲ್ಲಿ ಕೋರ್ಟಿನಲ್ಲಿ ಕೇಸ್ ಇರಬಾರದು. ಈ ಸಂಘದ ಸದಸ್ಯರಲ್ಲದ ಚಾನೆಲ್ ಆದರೆ ಈ ಬಾಗಿಲು ಇಲ್ಲ, ಅದಕ್ಕೆ ಕೇಬಲ್ ಟಿವಿ ನಿಯಮಗಳಿಗೆ 2021ರಲ್ಲಿ ತಂದ ತಿದ್ದುಪಡಿಯ ದಾರಿ ಬೇರೆ ಇದೆ. ಹಾಗಾಗಿ ಚಾನೆಲ್ ಯಾವ ಕಡೆಯದು ಅಂತ ಮೊದಲು ನೋಡಿಕೊಳ್ಳಿ.

ನಮ್ಮ ದೂರು ಬರೆಯಲು ಒಂದು ಸಂಜೆ ಹಿಡಿಯಿತು. ಕಾರ್ಯಕ್ರಮದ ಹೆಸರು, ದಿನ, ಹೊತ್ತು, ಯೂಟ್ಯೂಬ್ ಲಿಂಕ್, ಎಷ್ಟನೇ ನಿಮಿಷದಲ್ಲಿ ಏನು ಹೇಳಿದರು, ಮೂಲ ವಿಡಿಯೊ ಎಲ್ಲಿಯದು, ಇಷ್ಟು ಹಾಕಿದೆವು. ಬೈಗುಳ ಒಂದೂ ಇಲ್ಲ. ಲಿಂಕ್ ಒಂದನ್ನೇ ನಂಬಬೇಡಿ, ವಿಡಿಯೊ ಉಳಿಸಿಟ್ಟುಕೊಳ್ಳಿ, ಯಾಕೆಂದರೆ ಆರನೇ ದಿನ ಎರಡು ಸಾಲಿನ ಉತ್ತರ ಬಂತು, ಅಷ್ಟರಲ್ಲಿ ವಿಡಿಯೊ ಯೂಟ್ಯೂಬಿನಿಂದ ಮಾಯವಾಗಿತ್ತು. ಆದರೆ ಟಿವಿಯಲ್ಲಿ ತಪ್ಪಾಯಿತು ಅನ್ನುವ ಒಂದು ಮಾತೂ ಬರಲಿಲ್ಲ. ನೋಡಿದ ಜನ ನೋಡಿ ಆಗಿತ್ತು, ಅಲ್ವಾ?

ಮುಂದಿನ ಹೆಜ್ಜೆಗೆ 14 ದಿನ ಇತ್ತು. ಚರ್ಚಿನ ಹೆಸರಿನಲ್ಲಿ ಕಳಿಸಿದರೆ ತೂಕ ಜಾಸ್ತಿ ಅಂತ ಪಾಲನಾ ಮಂಡಳಿಯ (ನಮ್ಮ ಚರ್ಚಿನ ಸಮಿತಿ) ಮುಂದೆ ಇಟ್ಟೆವು. ಅಲ್ಲಿ ಒಬ್ಬರು, "ಇದು ನಮ್ಮವರ ವಿಷಯ ಅಲ್ವಲ್ಲ, ಸುಮ್ನೆ ಯಾಕೆ?" ಅಂದರು. ಇನ್ನೊಬ್ಬರು ಬಿಷಪ್ ಹೌಸಿಗೆ ಕೇಳೋಣ ಅಂದರು. ಮೂರನೆಯವರು ಹಬ್ಬ ಮುಗಿಯಲಿ ಅಂದರು. ಯಾರೂ ಕೆಟ್ಟವರಲ್ಲ, ಹೆದರಿಕೆ ನನಗೂ ಅರ್ಥವಾಗುತ್ತದೆ. ಆದರೆ ಹದಿನಾಲ್ಕು ದಿನ ಕಳೆದುಹೋಯಿತು. ನಾವು ನಾಲ್ಕು ಜನರೇ ನಮ್ಮ ಹೆಸರಿನಲ್ಲಿ ಕಳಿಸಬಹುದಿತ್ತು. ಕಳಿಸಲಿಲ್ಲ. ಅದು ನಮ್ಮ ತಪ್ಪು.

"ನಮ್ಮ ವಿಷಯ ಅಲ್ಲ" ಅನ್ನುವ ಮಾತು ನನಗೆ ಇನ್ನೂ ಚುಚ್ಚುತ್ತದೆ. 2021ರಲ್ಲಿ ಮತಾಂತರ ನಿಷೇಧ ಮಸೂದೆ ಬಂದಾಗ ಕರ್ನಾಟಕದ ಚರ್ಚುಗಳು ಬಾಯಿ ಬಿಟ್ಟು ಮಾತಾಡಿದವು, ಬೆಂಗಳೂರಿನ ಆರ್ಚ್‌ಬಿಷಪ್ ಪೀಟರ್ ಮಚಾದೋ ಬಹಿರಂಗವಾಗಿ ವಿರೋಧಿಸಿದರು. ಸರಿಯಾಗಿಯೇ ಮಾಡಿದರು. ಅದಕ್ಕೂ ಮೊದಲು, 2020ರ ಲಾಕ್‌ಡೌನ್‌ನಲ್ಲಿ, ನಾವು ಬಲಿಪೂಜೆಯನ್ನು ಯೂಟ್ಯೂಬಿನಲ್ಲಿ ನೋಡುತ್ತಿದ್ದ ದಿನಗಳಲ್ಲೇ, ತಬ್ಲೀಗಿ ಜಮಾತ್ ಅನ್ನುವ ಮುಸ್ಲಿಂ ಧಾರ್ಮಿಕ ಗುಂಪಿನ ಹೆಸರು ಹಿಡಿದು ಟಿವಿಗಳು ಒಂದು ಇಡೀ ಸಮುದಾಯವನ್ನೇ ರೋಗದ ಹಾಗೆ ತೋರಿಸಿದವು. ಆಗ ನಮ್ಮ ಚರ್ಚಿನ ಪ್ರಸಂಗದಲ್ಲಿ ಆ ಬಗ್ಗೆ ಒಂದು ಮಾತು ಕೇಳಿದ ನೆನಪು ನನಗಿಲ್ಲ. ಆ ಪ್ರಸಾರದ ಮೇಲೆ ಇದೇ ವ್ಯವಸ್ಥೆಯಲ್ಲಿ ದೂರು ಕೊಟ್ಟವರು ಬೆಂಗಳೂರಿನ ಒಂದು ನಾಗರಿಕ ಗುಂಪಿನವರು. 2021ರ ಜೂನ್‌ನಲ್ಲಿ ಎರಡು ಕನ್ನಡ ಚಾನೆಲ್‌ಗಳಿಗೆ ದಂಡ ಬಿತ್ತು, ಒಂದಕ್ಕೆ 1 ಲಕ್ಷ, ಇನ್ನೊಂದಕ್ಕೆ 50 ಸಾವಿರ ರೂಪಾಯಿ.

ಅಂದರೆ ದೂರು ಕೆಲಸ ಮಾಡುತ್ತದೆ. ಆದರೆ ಒಂದು ವರ್ಷಕ್ಕಿಂತ ಜಾಸ್ತಿ ಹಿಡಿಯಿತು, ಮತ್ತು 1 ಲಕ್ಷ ಯಾವ ಲೆಕ್ಕ? 2023ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದೇ ಪ್ರಶ್ನೆ ಕೇಳಿತು, ಇಷ್ಟು ದಂಡಕ್ಕೆ ಯಾವ ಚಾನೆಲ್ ಹೆದರುತ್ತದೆ ಅಂತ. ನಾನು ಎರಡು ಸ್ಟಾರ್ ಕಡಿಮೆ ಮಾಡಿದ್ದು ಈ ಎರಡು ಕಾರಣಕ್ಕೆ.

ನಮಗೆ ಈ ವಿಷಯದಲ್ಲಿ ಬೇರೆಯವರಿಗಿಂತ ಹೆಚ್ಚು ಹೊಣೆ ಇದೆ ಅಂತ ನಾನು ನಂಬುತ್ತೇನೆ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಟದ್ದು ಇದೇ ಊರಿನಿಂದ, 1843ರ ಜುಲೈ 1ರಂದು, ಬಾಸೆಲ್ ಮಿಷನ್ನಿನ ಪಾದ್ರಿ ಹರ್ಮನ್ ಮೋಗ್ಲಿಂಗ್ ಕೈಯಿಂದ. ಕಲ್ಲಚ್ಚಿನಲ್ಲಿ ಮುದ್ರಿಸಿ, ಹದಿನೈದು ದಿನಕ್ಕೊಮ್ಮೆ ಜನರಿಗೆ ಊರ ವರ್ತಮಾನ ಮುಟ್ಟಿಸಿದರು. ಆ ದಿನವನ್ನೇ ಇವತ್ತು ಇಡೀ ಕರ್ನಾಟಕ ಪತ್ರಿಕಾ ದಿನ ಅಂತ ಆಚರಿಸುತ್ತದೆ. ಪ್ರತಿ ಜುಲೈಯಲ್ಲಿ ನಾವು ಮೋಗ್ಲಿಂಗ್ ಹೆಸರು ಹೇಳಿ ಹೆಮ್ಮೆ ಪಡುತ್ತೇವೆ. ಆ ಹೆಮ್ಮೆ ಇರುವವರು, ಅದೇ ಕನ್ನಡದಲ್ಲಿ ಸುದ್ದಿಯ ಹೆಸರಿನಲ್ಲಿ ಪಕ್ಕದ ಮನೆಯವರ ಹೊಟ್ಟೆಗೆ ಹೊಡೆಯುವಾಗ ಬಾಯಿ ಮುಚ್ಚಿ ಕೂರುವುದು ಹೇಗೆ?

ಕಥೋಲಿಕ ಸಭೆಯಲ್ಲಿ 1967ರಿಂದ ಪ್ರತಿ ವರ್ಷ ಮಾಧ್ಯಮಕ್ಕೆ ಅಂತಲೇ ಒಂದು ಭಾನುವಾರ ಇದೆ. 2018ರಲ್ಲಿ ಪೋಪ್ ಫ್ರಾನ್ಸಿಸ್ ಆ ದಿನದ ಸಂದೇಶವನ್ನು ಸುಳ್ಳು ಸುದ್ದಿಯ ಮೇಲೆಯೇ ಬರೆದರು, ಬೈಬಲಿನ ಏದೆನ್ ತೋಟದ ಹಾವು ಹೇಳಿದ್ದೇ ಮೊದಲ ಸುಳ್ಳು ಸುದ್ದಿ ಅಂದರು. ನಮ್ಮಲ್ಲಿ ಆ ಭಾನುವಾರ ಒಂದು ಪ್ರಾರ್ಥನೆ ಓದಿ ಮುಗಿಸುತ್ತೇವೆ. ಸುಳ್ಳು ಸಾಕ್ಷಿ ಹೇಳಬೇಡ ಅನ್ನುವುದು ಬೈಬಲಿನ ಹತ್ತು ಕಟ್ಟಳೆಗಳಲ್ಲಿ ನಮಗೆ ಎಂಟನೆಯದು, ಸಿಎಸ್‌ಐ (ಪ್ರೊಟೆಸ್ಟೆಂಟ್) ಚರ್ಚಿನವರಿಗೆ ಒಂಬತ್ತನೆಯದು. ಎಣಿಕೆ ಬೇರೆ, ಮಾತು ಒಂದೇ. ಎರಡೂ ಚರ್ಚಿನವರು ಸೇರಿ ಮಾಡಬಹುದಾದ ಕೆಲಸ ಇದು.

ಇನ್ನೊಂದು ವಿಷಯ ಹೇಳಲೇಬೇಕು. ಆ ಹಣ್ಣಿನ ವಿಡಿಯೊ ನಮ್ಮ ವಾಳೆಯ (ಚರ್ಚಿಗೆ ಸೇರಿದ ಅಕ್ಕಪಕ್ಕದ ಮನೆಗಳ ಗುಂಪು) ವಾಟ್ಸಾಪ್ ಗುಂಪಿನಲ್ಲೂ ಬಂದಿತ್ತು. ಹಾಕಿದವರು ಒಳ್ಳೆಯ ಮನುಷ್ಯರು, ಪ್ರತಿದಿನ ಪೂಜೆಗೆ ಬರುವವರು. ನಮ್ಮ ಗುರ್ಕಾರ್, ಅಂದರೆ ವಾಳೆಯ ಮುಖಂಡರು, ವಿಡಿಯೊ ಹಾಕಿದವರ ಮನೆಗೇ ಹೋಗಿ, ಚಹಾ ಕುಡಿದು, ನಿಧಾನಕ್ಕೆ ಹೇಳಿ ಬಂದರು. ಅವರು ಗುಂಪಿನಲ್ಲಿ ಕ್ಷಮೆ ಕೇಳಿದರು. ಈ ಇಡೀ ಪ್ರಕರಣದಲ್ಲಿ ನನಗೆ ಸಿಕ್ಕಿದ ಒಂದೇ ಕ್ಷಮೆ ಅದು.

ಈ ಸಲ ಪಾಲನಾ ಮಂಡಳಿಗೆ ಬರೆದು ಕೊಟ್ಟಿದ್ದೇನೆ: ದೂರು ಬರೆಯಲು ಇಬ್ಬರನ್ನು ಮೊದಲೇ ನೇಮಿಸಿ, ಪ್ರತಿ ಸಲ ಅನುಮತಿಗೆ ಕಾಯುವ ಹಾಗೆ ಇಡಬೇಡಿ, ಮತ್ತು ಯಾವ ಧರ್ಮದವರ ಮೇಲೆ ಸುಳ್ಳು ಬಂದರೂ ಅವರು ಬರೆಯಲಿ. ಫಾದರ್ ಓದಿದ್ದಾರೆ. ಸಭೆ ಬರುವ ಭಾನುವಾರ, ಎರಡನೇ ಪೂಜೆ ಮುಗಿದ ಮೇಲೆ.